ಅತ್ತೆಯ ಹೆಸರಿಗೆ ಬರುತ್ತಿದ್ದ ಇಪ್ಪತ್ತೈದು ರೂಪಾಯಿ

ತಿಂಗಳಿಗೆ ಇಪ್ಪತ್ತೈದು ರೂಪಾಯಿ! ಈಗಿನವರಿಗೆ ನಗು ಬರಬಹುದು. ನಗಲಿ ಬಿಡಿ. ಅಷ್ಟು ಕೊಟ್ಟು ಕಾಫಿ ತರಿಸಿಕೊಂಡು ಅರ್ಧ ಲೋಟ ಹಾಗೇ ಬಿಟ್ಟು ಏಳುವ ಕಾಲ ಇದು. ಆದರೆ ಅರವತ್ತರ ದಶಕದಲ್ಲಿ, ಕೌದಳ್ಳಿಯಲ್ಲಿ, ಮಳೆಯೇ ಗತಿಯಾದ ಎರಡೆಕರೆ ಬೆದ್ದಲು ನಂಬಿಕೊಂಡಿದ್ದ ನಮ್ಮಂಥ ಮನೆಗೆ ತಿಂಗಳು ತಪ್ಪದೆ ನಗದು ಬರುವುದೆಂದರೆ ಏನು ಅಂತ ಆ ಮನೆಯಲ್ಲಿ ಒಲೆ ಊದಿದವಳಿಗೇ ಗೊತ್ತು. ಅಲ್ಲಿಯವರೆಗೆ ದುಡ್ಡು ಅನ್ನುವುದು ನಮ್ಮಲ್ಲಿ ವರ್ಷಕ್ಕೊಂದು ಸಲ, ರಾಗಿ ಒಕ್ಕಣೆಯಾದ ಮೇಲೆ ಮುಖ ತೋರಿಸಿ ಹೋಗುವ ನೆಂಟನ ಹಾಗಿತ್ತು. ಉಳಿದ ದಿನವೆಲ್ಲ ಸೇರು ರಾಗಿ ಕೊಟ್ಟು ಉಪ್ಪು ಮೆಣಸಿನಕಾಯಿ ತರುವುದು, ಹುಣಿಸೆಹಣ್ಣು ಕೊಟ್ಟು ಎಣ್ಣೆ ತರುವುದು. ಅಂಥ ಮನೆಗೆ ಮನಿಯಾರ್ಡರು!

ಕಳಿಸುತ್ತಿದ್ದವರು ನಮ್ಮ ಯಜಮಾನರು. ಕೊಡಗಿನ ಕಾಫಿ ತೋಟವೊಂದರಲ್ಲಿ ಆಳಾಗಿದ್ದರು. ಬರುತ್ತಿದ್ದದ್ದು ಅವರ ಅವ್ವನ ಹೆಸರಿಗೆ, ಅಂದರೆ ನನ್ನ ಅತ್ತೆಯ ಹೆಸರಿಗೆ. ಹೆಂಡತಿಯ ಹೆಸರಿಗೆ ಕಳಿಸುವುದುಂಟೇ? ಹಾಗೇನಾದರೂ ಮಾಡಿದ್ದರೆ ಹೆತ್ತವಳನ್ನು ಬಿಟ್ಟು ಕಟ್ಟಿಕೊಂಡವಳಿಗೆ ಕಳಿಸುತ್ತಾನೆ ಅಂತ ಊರು ಆಡಿಕೊಳ್ಳುತ್ತಿತ್ತು. ನನ್ನ ಪಾಲಿಗೆ ಆ ದುಡ್ಡು ಕಣ್ಣಿಗೆ ಕಾಣುವ, ಕೈಗೆ ಸಿಗದ ವಸ್ತು. ಸಿಗದಿದ್ದರೆ ಅಷ್ಟೇ ಹೋಯಿತು. ನನಗೆ ಬೇಕಾಗಿದ್ದದ್ದು ದುಡ್ಡಲ್ಲ, ಗಂಡ. ಮದುವೆಯಾಗಿ ವರ್ಷ ತುಂಬುವ ಮೊದಲೇ, ತೋಟಕ್ಕೆ ಆಳು ಕೂಡಿಸುವ ಮೇಸ್ತ್ರಿಯ ಹಿಂದೆ ಬಸ್ಸು ಹತ್ತಿ ಹೋದ ಮನುಷ್ಯ ಮನೆಗೆ ಬರಬೇಕು, ಬಂದು ಇಲ್ಲೇ ಇರಬೇಕು. ಅದೊಂದನ್ನು ಬಿಟ್ಟು ಆಗ ನನ್ನ ತಲೆಯಲ್ಲಿ ಇನ್ನೇನೂ ಇರಲಿಲ್ಲ.

ನಾನು ಯಳಂದೂರು ತಾಲ್ಲೂಕಿನ ಹೊನ್ನೂರಿನವಳು. ಗದ್ದೆ, ಕಬ್ಬು, ತೆಂಗು ಕಂಡು ಬೆಳೆದವಳು. ಕೌದಳ್ಳಿಗೆ ಕಾಲಿಟ್ಟಾಗ ‘ಇದೇನಪ್ಪಾ, ಬರೀ ಕಲ್ಲು, ಕಳ್ಳಿ, ಕಾಡಂಚು’ ಅನ್ನಿಸಿ ಅಳು ಬಂದಿತ್ತು. ನಮ್ಮ ಕಡೆ ಮೊದಲಿನಿಂದಲೂ ಮೈಸೂರು ಸೀಮೆ. ಕೌದಳ್ಳಿ ಇರುವ ಕೊಳ್ಳೇಗಾಲದ ಕಡೆಯಾದರೆ ಐವತ್ತಾರರವರೆಗೂ ಮದ್ರಾಸಿಗೆ ಸೇರಿದ್ದು. ಆಮೇಲೂ ನನ್ನ ಅತ್ತೆಯಂಥವರಿಗೆ ದೊಡ್ಡ ಕಚೇರಿ ಅಂದರೆ ಕೊಯಮತ್ತೂರೇ. ನನ್ನ ಮೇಲೆ ಸಿಟ್ಟು ಬಂದರೆ ‘ಅನ್ನ ಉಣ್ಣೋ ಮೈಸೂರ್ ಸೀಮೆಯೋಳು’ ಅಂತ ಬೈಯುತ್ತಿದ್ದರು. ನಾನೇನು ಸುಮ್ಮನಿರುವವಳೇ? ‘ಊಂ ಕಣತ್ತೆ, ನಮ್ಮೂರಲ್ಲಿ ಅನ್ನ ಅದೆ, ಉಣ್ತೀವಿ’ ಅಂದುಬಿಡುತ್ತಿದ್ದೆ. ಮಾವ ತೀರಿಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ಜಗಳವಾಡಬೇಕೆಂದರೂ ಇನ್ಯಾರಿದ್ದರು ಹೇಳಿ.

ಮನಿಯಾರ್ಡರು ಬರುವ ದಿನದ ಸಂಭ್ರಮ ಹೇಳಬೇಕು. ಹನೂರಿನ ಕಡೆಯಿಂದ ಪೋಸ್ಟ್‌ಮ್ಯಾನ್ ಸೈಕಲ್ ತುಳಿದುಕೊಂಡು ಬರುವ ಹೊತ್ತಿಗೆ ಅತ್ತೆ ತಲೆಗೆ ಎಣ್ಣೆ ಹಾಕಿ ಬಾಚಿ, ಒಗೆದ ಸೀರೆ ಉಟ್ಟು ಜಗುಲಿಯ ಮೇಲೆ ಕೂತಿರುತ್ತಿದ್ದರು. ಕೂತಿರುತ್ತಿದ್ದರು ಅಂದರೆ ಸುಳ್ಳಾಗುತ್ತದೆ. ಕೂರುವುದು, ಏಳುವುದು, ಬೀದಿಯ ತುದಿಗೆ ಹೋಗಿ ಹಣೆಗೆ ಕೈ ಅಡ್ಡ ಹಿಡಿದು ನೋಡುವುದು, ಬಂದು ಮತ್ತೆ ಕೂರುವುದು. ಸೈಕಲ್ ಕಂಡರೆ ಬೀದಿಯ ಮಕ್ಕಳೆಲ್ಲ ‘ಅಜ್ಜೀ, ಟಪಾಲಪ್ಪ ಬಂದಾ!’ ಅಂತ ಕಿರುಚಿಕೊಂಡು ಓಡಿ ಬರುತ್ತಿದ್ದವು. ಪೋಸ್ಟ್‌ಮ್ಯಾನ್ ಬಂದು ಬೆವರು ಒರೆಸಿಕೊಂಡು, ‘ಎಬ್ಬೆಟ್ ಕೊಡವ್ವ, ನಿನ್ ಮಗ ಮರೀನಿಲ್ಲ’ ಅನ್ನುತ್ತಿದ್ದ. ‘ಅಂವ ಯಾಕ್ ಮರೆತಾನು? ನನ್ ಒಟ್ಟೇಲಿ ಉಟ್ದೋನು’ ಅಂತ ಅತ್ತೆ ಇಡೀ ಬೀದಿಗೆ ಕೇಳುವ ಹಾಗೆ ಹೇಳಿ ಹೆಬ್ಬೆಟ್ಟು ಒತ್ತುತ್ತಿದ್ದರು.

ಓದು ಬರಹ ಬಲ್ಲವರು ನಮ್ಮಲ್ಲಿ ಯಾರೂ ಇರಲಿಲ್ಲ. ಯಜಮಾನರಿಗೂ ಬಾರದು. ಮನಿಯಾರ್ಡರಿನ ಚೀಟಿಯಲ್ಲಿ ನಾಲ್ಕು ಮಾತು ಬರೆಯಲು ಜಾಗ ಇರುತ್ತದೆ. ನಮಗೆ ಬರುವುದರಲ್ಲಿ ಅದು ಯಾವಾಗಲೂ ಖಾಲಿ. ಯಾರ ಕೈಕಾಲು ಹಿಡಿದು ಬರೆಸುವುದು, ಇಲ್ಲಿ ಯಾರ ಹತ್ತಿರ ಓದಿಸುವುದು? ದುಡ್ಡೇ ಕಾಗದ. ಬಂತು ಅಂದರೆ ಮಗ ಚೆನ್ನಾಗಿದ್ದಾನೆ, ಕೆಲಸ ಇದೆ, ಮಳೆಗೆ ಜ್ವರ ಬಿದ್ದಿಲ್ಲ, ನಮ್ಮ ನೆನಪಿದೆ. ಎರಡು ದಿನ ತಡವಾದರೆ ಅತ್ತೆ ಊಟ ಬಿಡುತ್ತಿದ್ದರು. ನಾನು ಬಿಡುತ್ತಿರಲಿಲ್ಲ. ಆದರೆ ಉಣ್ಣುತ್ತಲೇ ನೂರು ಸಲ ಬೀದಿಯ ಕಡೆ ನೋಡುತ್ತಿದ್ದೆ.

ಮೊದಮೊದಲ ತಿಂಗಳುಗಳಲ್ಲಿ ಆ ದುಡ್ಡು ನಮ್ಮನ್ನು ಕುಣಿಸಿತು. ಅಂಗಡಿಯವನು, ಅದುವರೆಗೆ ‘ಏನಮ್ಮಿ, ರಾಗಿ ತಂದಾ?’ ಅಂತ ಕೂತಲ್ಲಿಂದಲೇ ಕೇಳುತ್ತಿದ್ದವನು, ಈಗ ‘ಬಾ ತಾಯಿ, ಏನ್ ಬೇಕು’ ಅಂತ ಎದ್ದು ನಿಲ್ಲತೊಡಗಿದ. ದುಡ್ಡು ಬರುವ ಮೊದಲೇ ಸಾಮಾನು ಕೊಡುತ್ತಿದ್ದ. ನಮ್ಮ ಮನೆಯಲ್ಲಿ ಕಾಫಿ ಪುಡಿ ಬಂತು! ಮಗ ಕಾಫಿ ಗಿಡಕ್ಕೆ ಗೊಬ್ಬರ ಹಾಕುತ್ತಾನೆ, ನಾವು ಕಾಫಿ ಕುಡಿಯದಿದ್ದರೆ ಹೇಗೆ ಅಂತ ಅತ್ತೆಯ ವಾದ. ದೂರದ ನೆಂಟರಿಗೆಲ್ಲ ನಮ್ಮ ಮನೆಯ ದಾರಿ ಗೊತ್ತಾಯಿತು. ಧನಗೆರೆಯಲ್ಲಿದ್ದ ಅತ್ತೆಯ ಚಿಕ್ಕಮ್ಮನ ಮಗ, ನನ್ನ ಮದುವೆಗೂ ಬರದವನು, ಪ್ರತಿ ತಿಂಗಳೂ ಸರಿಯಾಗಿ ಪೋಸ್ಟ್‌ಮ್ಯಾನ್ ಬಂದ ಮಾರನೆಯ ದಿನವೇ ‘ಅಕ್ಕನ್ನ ನೋಡ್ಬೇಕು ಅನ್ನುಸ್ತು’ ಅಂತ ಪ್ರತ್ಯಕ್ಷ. ಅವನಿಗೆ ವಡೆ, ಪಾಯಸ. ಇನ್ನು ಅತ್ತೆಯ ಹೊಗೆಸೊಪ್ಪು! ಎಲೆ ಅಡಿಕೆಯ ಜೊತೆ ಒಂದು ಚೂರು ಬಾಯಲ್ಲಿ ಅದುಮಿಕೊಳ್ಳದಿದ್ದರೆ ಅವರಿಗೆ ದಿನ ಶುರುವಾಗುತ್ತಿರಲಿಲ್ಲ. ಮೊದಲು ಒಂದೊಂದು ಎಳೆಗೂ ಲೆಕ್ಕ ಹಿಡಿಯುತ್ತಿದ್ದವರು, ಈಗ ಕಂತೆಗಟ್ಟಲೆ ತಂದು ಜಗುಲಿಯಲ್ಲಿ ಕೂತು ಬೀದಿಯ ಮುದುಕಿಯರಿಗೆಲ್ಲ ಹಂಚುವರು. ‘ತಕಳ್ರಿ, ನನ್ ಮಗನ್ ಕಾಸು’ ಅನ್ನುವಾಗ ಅವರ ಮುಖ ನೋಡಬೇಕಿತ್ತು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಖರ್ಚು ಮಾಡುತ್ತಾರಲ್ಲ ಅಂತ ಅಲ್ಲ. ಬಡತನದಲ್ಲಿ ಸವೆದ ಹೆಂಗಸು, ಒಂದಿಷ್ಟು ಹಂಚಿ ಖುಷಿಪಟ್ಟರೆ ಏನು ಗಂಟು ಹೋಗುತ್ತದೆ? ನನ್ನ ಉರಿ ಬೇರೆ. ‘ಸುಗ್ಗಿಗೆ ಬಂದ್‌ಬುಡ್ತೀನಿ’ ಅಂತ ಹೋದವರು ಸುಗ್ಗಿಗೆ ಬರಲಿಲ್ಲ. ಹಬ್ಬಕ್ಕೆ ನಾಲ್ಕು ದಿನ ಬಂದರು, ಹೊರಟು ನಿಂತರು. ‘ಸಾಕು, ಇಲ್ಲೇ ಇದ್‌ಬುಡಿ’ ಅಂದೆ. ‘ಇಲ್ಲಿದ್ದು ಏನ್ ಮಾಡ್ಲಿ? ತಿಂಗ್ಳಾ ತಿಂಗ್ಳಾ ಇಲ್ಲಿ ಯಾರು ಕೊಟ್ಟರು?’ ಅಂದರು. ಅವರು ಹೇಳಿದ್ದು ಸುಳ್ಳೂ ಅಲ್ಲ. ಆ ದುಡ್ಡಿನ ರುಚಿ ನಮ್ಮ ಮನೆಗೆ ಹತ್ತಿಬಿಟ್ಟಿತ್ತು. ಅಂಗಡಿಯ ಸಾಲ ಆ ದುಡ್ಡಿನ ಮೇಲೆ, ಕಾಫಿ ಆ ದುಡ್ಡಿನ ಮೇಲೆ, ಅತ್ತೆಯ ಮರ್ಯಾದೆ ಆ ದುಡ್ಡಿನ ಮೇಲೆ. ತಿಂಗಳು ತಪ್ಪದೆ ದುಡ್ಡು ಬರಬೇಕಾದರೆ ತಿಂಗಳು ತಪ್ಪದೆ ಮಗ ಅಲ್ಲೇ ಇರಬೇಕು. ಈ ಲೆಕ್ಕ ನನ್ನೊಬ್ಬಳಿಗೇ ಕಾಣಿಸುತ್ತಿದೆ, ಅತ್ತೆಗೆ ಕಾಸೊಂದೇ ಸಾಕು ಅಂತ ನಾನು ತಿಳಿದಿದ್ದೆ.

ಒಂದು ದಿನ ಹೊಲದಲ್ಲಿ ಕಳೆ ಕೀಳುತ್ತ ಇದ್ದಾಗ ಹೊಳೆಯಿತು. ತಿಂಗಳು ತಿಂಗಳು ಕೊಡುವಂಥದ್ದು ಈ ನೆಲದಲ್ಲೂ ಇದೆ! ರೇಷ್ಮೆ ಹುಳು! ಮೊಟ್ಟೆ ಒಡೆದು ಗೂಡು ಕಟ್ಟುವವರೆಗೆ ಒಂದು ತಿಂಗಳೂ ಹಿಡಿಯುವುದಿಲ್ಲ. ಹಿಪ್ಪುನೇರಳೆ ಸೊಪ್ಪು ಇರುವಷ್ಟು ದಿನ ಬೆಳೆಯ ಮೇಲೆ ಬೆಳೆ. ಕೊಳ್ಳೇಗಾಲದಲ್ಲಿ ಗೂಡು ಕೊಳ್ಳುವವರು ಕೂಗಿ ಕರೆಯುತ್ತಾರೆ. ನಮ್ಮವ್ವ ಹೊನ್ನೂರಿನಲ್ಲಿ ಹುಳು ಸಾಕಿದವಳು, ನಾನು ಹುಳು ಸಾಕುವ ತಟ್ಟೆಗಳ ನಡುವೆಯೇ ಬೆಳೆದವಳು. ಕೌದಳ್ಳಿಯ ಸುತ್ತಮುತ್ತ ಬೆದ್ದಲಿನಲ್ಲೇ ಹಿಪ್ಪುನೇರಳೆ ಹಾಕಿದವರೂ ಇದ್ದರು. ಕಳೆ ಕೀಳುವುದು ಬಿಟ್ಟು ಮನೆಗೆ ಓಡಿದೆ.

‘ಏನಮ್ಮಿ, ಆವ್ ಕಂಡಂಗ್ ಓಡ್‌ಬತ್ತಾ ಇದ್ದೀಯಾ?’ ಅಂದರು ಅತ್ತೆ.

‘ಅತ್ತೆ, ಒಂದೆಕರೆಗೆ ಹಿಪ್ಪುನೇರಳೆ ಕಡ್ಡಿ ನೆಡ್ಸನ. ಉಳ ಸಾಕನ.’

‘ಒಂದೆಕ್ರೆಗಾ! ರಾಗಿ ಬುಟ್ಟು? ಉಳಾನೇ ಬೇಯ್ಸ್ಕಂಡು ಉಣ್ತೀಯಾ?’

‘ಸೊಪ್ಪು ಬರೋಗಂಟ ರಾಗಿ ಕೊಂಡ್ಕಂಡು ಉಣ್ಣನ. ಕಾಸು ಬತ್ತದಲ್ಲ.’

‘ಆಗಕ್ಕಿಲ್ಲ. ಕಾಸು ನನ್ ಮಗಂದು’ ಅಂದು ಅತ್ತೆ ಮುಖ ತಿರುಗಿಸಿದರು. ನನಗೆ ಎಲ್ಲಿತ್ತೋ ಸಿಟ್ಟು, ‘ಆ ಕಾಸು ಬರೋಗಂಟ ನಿಮ್ ಮಗ ಬರಕ್ಕಿಲ್ಲ, ತಿಳ್ಕಳಿ!’ ಅಂತ ಕೂಗಿಬಿಟ್ಟೆ. ಅತ್ತೆ ತಿರುಗಿ ನೋಡಲಿಲ್ಲ. ಅವತ್ತು ರಾತ್ರಿ ನಾನು ಬಡಿಸಿದ ಮುದ್ದೆ ಉಂಡು, ಗೋಡೆಗೆ ಮುಖ ಮಾಡಿ ಮಲಗಿದರು. ಬೆಳಿಗ್ಗೆ ಎದ್ದು ಸಗಣಿ ಬಾಚುತ್ತ, ನನ್ನ ಕಡೆ ನೋಡದೆಯೇ, ‘ಕಡ್ಡಿ ಎಲ್ ಸಿಕ್ತದೆ, ಕೇಳ್ಕಂಡ್ ಬಾ’ ಅಂದರು. ನಾನು ಪೊರಕೆ ಬಿಸಾಡಿ ಕುಣಿದುಬಿಟ್ಟೆ!

ಕಡ್ಡಿ ನೆಟ್ಟ ಮೇಲೆ ಕಾಯುವುದಿದೆಯಲ್ಲ, ಅದೇ ಬಡವರ ಕೈಲಾಗದ ಕೆಲಸ. ಚಿಗುರು ಬಲಿಯಬೇಕು, ಕಾಂಡ ಗಟ್ಟಿಯಾಗಬೇಕು, ಒಂದು ಮಳೆಗಾಲ ಕಳೆಯಬೇಕು. ಹಿಂದಿನ ಕಾಲವಾಗಿದ್ದರೆ ನಡುವೆ ಯಾವುದೋ ಒಂದು ವಾರ ಹಿಟ್ಟಿಲ್ಲದೆ, ಗಿಡ ಕಿತ್ತು ಮತ್ತೆ ರಾಗಿ ಚೆಲ್ಲುತ್ತಿದ್ದೆವು. ಈ ಸಲ ತಿಂಗಳ ಮೊದಲಿಗೆ ಸೈಕಲ್ ಬರುತ್ತಿತ್ತು, ಹಿಟ್ಟು ಬರುತ್ತಿತ್ತು, ಗಿಡ ಬೆಳೆಯುತ್ತಿತ್ತು. ಆ ಇಪ್ಪತ್ತೈದು ರೂಪಾಯಿ ನಮಗೆ ಕೊಟ್ಟದ್ದು ಅದನ್ನು: ನಾಳೆಯೂ ಉಣ್ಣುತ್ತೇವೆ ಅನ್ನುವ ಧೈರ್ಯ. ಅತ್ತೆ ಕಾಫಿ ನಿಲ್ಲಿಸಿದರು. ಧನಗೆರೆಯ ತಮ್ಮ ಬಂದಾಗ ಪಾಯಸ ಹೋಗಿ ಮಜ್ಜಿಗೆ ಆಯಿತು. ಎರಡು ಸಲ ಮಜ್ಜಿಗೆ ಕುಡಿದ ಮೇಲೆ ಅವನಿಗೆ ಅಕ್ಕನನ್ನು ನೋಡಬೇಕು ಅನ್ನಿಸುವುದು ನಿಂತುಹೋಯಿತು. ನಾವಿಬ್ಬರೂ ಅವನ ನಡಿಗೆ ಅನುಕರಿಸಿಕೊಂಡು ಹೊಟ್ಟೆ ಹಿಡಿದು ನಕ್ಕದ್ದು ಈಗಲೂ ನೆನಪಾಗುತ್ತದೆ. ಹೊಗೆಸೊಪ್ಪು ಮಾತ್ರ ನಿಲ್ಲಲಿಲ್ಲ.

ಯಜಮಾನರಿಗೆ ಈ ಯಾವುದೂ ಗೊತ್ತಿಲ್ಲ. ಹೇಳುವುದಾದರೂ ಹೇಗೆ? ಮುಂದಿನ ಹಬ್ಬಕ್ಕೆ ತೋಟದವರು ಅವರನ್ನು ಬಿಡಲಿಲ್ಲ. ದುಡ್ಡು ಮಾತ್ರ ಬಂತು. ‘ಉಳ ಗೆದ್ದ ಮ್ಯಾಲೆ ಏಳನ. ಈಗ್ಲೇ ಏಳುದ್ರೆ ಕಣ್ಣಾದದು’ ಅಂದರು ಅತ್ತೆ.

ಕೊಳ್ಳೇಗಾಲದಿಂದ ಮೊಟ್ಟೆ ತಂದು ಬಿದಿರ ತಟ್ಟೆಗೆ ಇಳಿಸಿದ ದಿನದಿಂದ ಮನೆ ನಮ್ಮದಲ್ಲ, ಹುಳುಗಳದು. ಒಳಕೋಣೆ ಅವಕ್ಕೆ, ಒಲೆ ಹಿತ್ತಿಲಿಗೆ. ಒಗ್ಗರಣೆ ಘಾಟು ಕೂಡದು, ಹೊರಗಿನವರು ಒಳಗೆ ಬರಕೂಡದು, ಕಾಲು ತೊಳೆಯದೆ ಹೊಸಿಲು ದಾಟಕೂಡದು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು ಸುಮ್ಮನೆ ಕೂರುತ್ತದೆ. ಅದನ್ನು ನಾವು ಜ್ವರ ಅನ್ನುತ್ತೇವೆ. ಮೊದಲ ಜ್ವರಕ್ಕೆ ಕೂತಾಗ ಅತ್ತೆ ಗಾಬರಿಯಾಗಿ, ‘ಅಯ್ಯೋ, ಕೂಸುಗಳು ಉಣ್ತಾ ಇಲ್ಲ ಕಣಮ್ಮಿ!’ ಅಂದರು. ಆವತ್ತಿನಿಂದ ಅವು ಕೂಸುಗಳೇ ಆದವು. ಜ್ವರದಿಂದ ಎದ್ದು ಸೊಪ್ಪು ತಿನ್ನತೊಡಗಿದಾಗ ಮುದುಕಿ ತಟ್ಟೆಗೆ ಕಿವಿ ಕೊಟ್ಟು, ‘ಕೇಳು, ಎಂಗ್ ಅಗೀತವೆ’ ಅಂತ ಕಣ್ಣರಳಿಸಿ ನನ್ನನ್ನು ಎಳೆದುಕೊಂಡು ಹೋಗಿ ಕೇಳಿಸುತ್ತಿದ್ದರು.

ಕೊನೆಯ ಜ್ವರ ಎದ್ದು ಹುಳು ಬೆರಳು ಗಾತ್ರ ಆಗುತ್ತಿದ್ದಾಗ ಮನಿಯಾರ್ಡರು ಬಂತು. ನಾನು ಹೊಲದಲ್ಲಿ ಸೊಪ್ಪು ಕೊಯ್ಯುತ್ತಿದ್ದೆ. ಅತ್ತೆ ಖುಷಿಯಲ್ಲಿ ಹೊಸ ಹೊಗೆಸೊಪ್ಪು ತರಿಸಿ, ಜಗುಲಿಯಲ್ಲಿ ಎಳೆ ಹರಿದು ಹರಿದು ಎಲ್ಲರಿಗೂ ಹಂಚಿದ್ದಾರೆ. ಅಷ್ಟರಲ್ಲಿ ಮೇವಿನ ಹೊತ್ತಾಯಿತು ಅಂತ ನೆನಪಾಗಿ, ಓಡಿ ಹೋಗಿ ಅದೇ ಕೈಯಲ್ಲಿ ಸೊಪ್ಪು ಉದುರಿಸಿದ್ದಾರೆ. ನಾನು ಬಂದು ನೋಡುತ್ತೇನೆ, ಮುಂದಿನ ಎರಡು ತಟ್ಟೆಗಳಲ್ಲಿ ಹುಳುಗಳು ಹಸಿರು ರಸ ಕಾರಿಕೊಂಡು ಒದ್ದಾಡುತ್ತಿವೆ! ರೇಷ್ಮೆ ಹುಳುವಿಗೆ ಹೊಗೆಸೊಪ್ಪಿಗಿಂತ ದೊಡ್ಡ ವಿಷ ಇಲ್ಲ, ಮೊದಲ ದಿನವೇ ಹೇಳಿಯೂ ಇದ್ದೆ.

‘ಏನ್ ಹಾಕುದ್ರಿ ಅತ್ತೆ? ಯಾವ್ ಕೈಲಿ ಮುಟ್ಟುದ್ರಿ?’

‘ಕೈ ಒರುಸ್ಕಂಡೆ ಕಣಮ್ಮಿ... ಸೆರಗಲ್ಲಿ ಒರುಸ್ಕಂಡೆ...’

‘ಒರುಸ್ಕಂಡ್ರೆ ಓಯ್ತದಾ?’ ನಾನು ಅಳುತ್ತ ಬೈದೆ, ಬೈಯುತ್ತ ಕಣ್ಣೀರು ಹಾಕಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ‘ನಿಮ್ಗೆ ಕಾಸು ಸಾಕು, ಒಗೆಸೊಪ್ಪು ಸಾಕು, ಮಗ ಬೇಕಾಗಿಲ್ಲ’ ಅಂದೆ. ಅತ್ತೆ ಆ ಎರಡು ತಟ್ಟೆಗಳನ್ನು ತಾವೇ ಎತ್ತಿಕೊಂಡು ಹೋಗಿ ದೂರದ ತಿಪ್ಪೆಯಲ್ಲಿ ಗುಂಡಿ ತೋಡಿ ಹೂತರು. ಬಂದು ಸೊಂಟದಿಂದ ಎಲೆಚೀಲ ಬಿಚ್ಚಿದರು. ಮದುವೆಯಲ್ಲಿ ತವರಿನಿಂದ ಬಂದ ಚೀಲ. ಅದನ್ನು ಹೊಗೆಸೊಪ್ಪಿನ ಸಮೇತ ಹಿತ್ತಿಲ ಒಲೆಗೆ ಹಾಕಿಬಿಟ್ಟರು. ಆಮೇಲೆ ಸೀಗೆಪುಡಿ ಹಾಕಿ ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದುಕೊಂಡು ಬಂದು ನನ್ನ ಮುಂದೆ ನಿಂತರು.

‘ನಂಗೂ ಮಗ ಬೇಕು ಕಣಮ್ಮಿ. ನಿಂಗೊಬ್ಳಿಗೇ ಬೇಕು ಅಂದ್ಕಂಡಿದ್ದೀಯಾ?’

ಕಾಸಿಗಾಗಿ ಬೀದಿ ತುದಿಗೆ ಓಡುತ್ತಾರೆ ಅಂದುಕೊಂಡಿದ್ದೆನಲ್ಲ, ಈ ತಾಯಿ ಮಗನ ಸುದ್ದಿಗಾಗಿ ಓಡುತ್ತಿದ್ದಳು.

ಅದೃಷ್ಟಕ್ಕೆ ಉಳಿದ ತಟ್ಟೆಗಳಿಗೆ ಏನೂ ಆಗಲಿಲ್ಲ. ಹೊಗೆಸೊಪ್ಪಿಲ್ಲದೆ ಅತ್ತೆಗೆ ತಲೆನೋವು, ಕೈನಡುಕ, ಸಿಡಿಮಿಡಿ. ಅವರು ಬೈದರೆ ನಾನು ಬೈಸಿಕೊಂಡೆ, ಅಷ್ಟೊಂದು ದಿನ ನಾನು ಎದುರಾಡದೆ ಬೈಸಿಕೊಂಡದ್ದು ಅದೇ ಮೊದಲು. ಹುಳು ಹಣ್ಣಾದವು! ಮೈ ಹಳದಿಯಾಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುವ ಹಾಗೆ. ಹಣ್ಣು ಹುಳು ಒಂದು ಗಳಿಗೆ ಕಾಯುವುದಿಲ್ಲ. ಆರಿಸಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರ ಸುರುಳಿ ಹೆಣೆದ ಚಾಪೆಗೆ, ಬಿಡಬೇಕು. ಬೀದಿಯ ಹೆಂಗಸರೆಲ್ಲ ಅವತ್ತು ಕೈ ತೊಳೆದು ಬಂದು ಕೂತರು. ಬಾಗಿಲಲ್ಲಿ ಅತ್ತೆ ಒಬ್ಬೊಬ್ಬರ ಕೈಯನ್ನೂ ಮೂಸಿ ನೋಡಿಯೇ ಒಳಗೆ ಬಿಟ್ಟರು. ‘ನೆನ್ನೆಗಂಟ ಒಗೆಸೊಪ್ಪು ನೀನೇ ಅಂಚ್ತಿದ್ದೆ, ಇವತ್ತು ನಮ್ ಕೈ ಮೂಸ್ತೀಯಾ?’ ಅಂತ ಮುದುಕಿಯರು ನಕ್ಕಿದ್ದೇ ನಕ್ಕಿದ್ದು!

ಗೂಡನ್ನು ಬಟ್ಟೆಗಂಟು ಕಟ್ಟಿಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದೆವು. ಕಂಡಕ್ಟರ್ ‘ಗಂಟು ಮೇಲಕ್ಕೆ ಹಾಕವ್ವ’ ಅಂದ. ‘ನಿನ್ ಕೂಸ್‌ನ ಮ್ಯಾಕೆ ಆಕ್ತೀಯೇನಪ್ಪಾ?’ ಅಂತ ಅತ್ತೆ ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡರು. ಮಾರುಕಟ್ಟೆಯಲ್ಲಿ ವ್ಯಾಪಾರಿಗಳು ಗೂಡಿನೊಳಕ್ಕೆ ಕೈ ತೂರಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡುತ್ತಿದ್ದರೆ ನಾನು ಬಟ್ಟೆಗಂಟಿನ ಅಂಚು ಬಿಡದೆ ಹಿಡಿದುಕೊಂಡಿದ್ದೆ. ಒಬ್ಬ ಕೂಗಿದ, ಇನ್ನೊಬ್ಬ ಅದರ ಮೇಲೆ ಕೂಗಿದ, ಮತ್ತೆ ಮೊದಲಿನವನು! ಅಬ್ಬಬ್ಬಾ, ನಮ್ಮ ಗೂಡಿಗಾಗಿ ಗಂಡಸರು ಜಗಳವಾಡುತ್ತಿದ್ದಾರೆ! ಕೊನೆಗೆ ಕೈಗೆ ಬಂದದ್ದು ನಮ್ಮವರು ಹಲವು ತಿಂಗಳು ಕಳಿಸಿದರೂ ಆಗದಷ್ಟು. ಅತ್ತೆ ನೋಟುಗಳನ್ನು ಸೆರಗಿಗೆ ಗಂಟು ಹಾಕಿಕೊಂಡು, ಒಂದು ಕೈಯಲ್ಲಿ ಗಂಟು, ಒಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು, ‘ನಡಿ, ಟಪಾಲಾಪೀಸ್ಗೆ’ ಅಂದರು.

‘ಯಾಕತ್ತೆ?’

‘ಅವ್ನಿಗೆ ಕಾಸ್ ಕಳ್ಸನ. ಬಸ್ ಚಾರ್ಜ್‌ಗೆ. ಊರ್ಗ್ ಬರ್ಲಿ, ಅಟ್ಟಿಗೆ!’

ನಾನು ಬೀದಿಯಲ್ಲೇ ಅವರನ್ನು ತಬ್ಬಿಕೊಂಡೆ. ‘ತೂ ಬುಡು, ಜನ ನೋಡ್ತರೆ’ ಅಂದರು, ಆದರೆ ಬಿಡಿಸಿಕೊಳ್ಳಲಿಲ್ಲ.

ಪೋಸ್ಟಾಫೀಸಿನಲ್ಲಿ ಗುಮಾಸ್ತರು ಯಾರಿಗೆ ಅಂತ ಕೇಳಿದರು. ಗಂಡನ ಹೆಸರು ನಾನು ಹೇಳುವ ಹಾಗಿಲ್ಲ. ಹೆಸರು, ತೋಟ ಎರಡನ್ನೂ ಅತ್ತೆಯೇ ಊರು ಕೇರಿಗೆಲ್ಲ ಕೇಳುವಂತೆ ಹೇಳಿದರು. ಎಷ್ಟು ಅಂತ ಕೇಳಿದರು. ‘ಬಸ್ಸಿಗೆ ಹತ್ತು ಸಾಕು’ ಅಂದೆ ನಾನು. ಅತ್ತೆ ಒಪ್ಪಲಿಲ್ಲ. ‘ಅಂವ ಇಪ್ಪತ್ತೈದು ಕಳುಸ್ತಾನೆ, ನಾವೂ ಇಪ್ಪತ್ತೈದೇ ಕಳ್ಸನ. ನಮ್ದೇನ್ ಕಮ್ಮಿಯಾ?’ ಗುಮಾಸ್ತರು ನಕ್ಕು, ‘ಏನಾದ್ರೂ ಬರೀಬೇಕೇನಮ್ಮಾ?’ ಅಂತ ಕೇಳಿದರು. ‘ಏನೂ ಬ್ಯಾಡ ಸಾ. ಕಾಸ್ ನೋಡುದ್ರೆ ಅವ್ನಿಗೇ ಗೊತ್ತಾಯ್ತದೆ’ ಅಂದರು ಅತ್ತೆ. ನನಗೂ ಅದು ಸರಿಯೇ ಅನ್ನಿಸಿತು. ಅವರು ನಮಗೆ ಒಂದಕ್ಷರ ಬರೆಸಿದ್ದರೇ? ನಮಗೆ ಗೊತ್ತಾಗುತ್ತಿರಲಿಲ್ಲವೇ?

ಮರಳಿ ಬಂದವರೇ ಎರಡನೇ ಬೆಳೆಯ ಹುಳು ಇಳಿಸಿದೆವು. ನಾನು ದಿನಾ ಕೌದಳ್ಳಿಗೆ ಬರುವ ಬಸ್ಸಿನ ಸದ್ದಿಗೆ ಕಿವಿ ನೆಟ್ಟಿರುತ್ತಿದ್ದೆ. ಹೂ ಮುಡಿದಿದ್ದೂ ಉಂಟು, ಸಂಜೆಗೆ ಕಿತ್ತು ಹಾಕಿದ್ದೂ ಉಂಟು.

ಆ ದಿನ ಹೊತ್ತು ನೆತ್ತಿಗೇರುತ್ತಿತ್ತು. ಅಂಗಳದಲ್ಲಿ ಚಂದ್ರಿಕೆಗಳನ್ನು ಬಿಸಿಲಿಗೆ ಒಣಗಿಸುತ್ತಿದ್ದೆ. ತಲೆ ನುಣ್ಣಗೆ ಬೋಳಿಸಿಕೊಂಡ ಗಂಡಸೊಬ್ಬ ಬಂದು ಮನೆಯ ಮುಂದೆ ನಿಂತ. ನಮ್ಮೂರು ಇರುವುದು ಮಾದಪ್ಪನ ಬೆಟ್ಟದ ದಾರಿಯಲ್ಲಿ. ಮುಡಿ ಕೊಟ್ಟು ಇಳಿದು ಬರುವ ಬೋಳುತಲೆಗಳು ದಿನಕ್ಕೆ ಎಷ್ಟೋ. ನಾನು ಸರಿಯಾಗಿ ತಿರುಗಿಯೂ ನೋಡದೆ, ‘ನೀರ್ ಬೇಕಾ ಸ್ವಾಮಿ? ಅಂಡೇಲಿ ಅದೆ, ತಕಂಡ್ ಕುಡೀರಿ’ ಅಂದೆ.

ಆ ಮನುಷ್ಯ ನೆಲಕ್ಕೆ ಕುಸಿದು ಕೂತು, ತಲೆ ತಲೆ ಚಚ್ಚಿಕೊಂಡು, ‘ನಮ್ಮವ್ವನ್ನ ನಾ ಬರೋಗಂಟ ಮಡಗ್ನಿಲ್ವಲ್ಲಾ! ಮುಖ ನೋಡಕ್ಕೂ ಬುಡ್ನಿಲ್ವಲ್ಲಾ!’ ಅಂತ ಗೋಳೋ ಅಂದ.

ಆ ಧ್ವನಿ! ಚಂದ್ರಿಕೆ ನನ್ನ ಕೈಯಿಂದ ಜಾರಿತು. ತಲೆಗೂದಲಿಲ್ಲ, ಮೀಸೆಯಿಲ್ಲ, ಕಣ್ಣು ಊದಿಕೊಂಡಿದೆ. ಆದರೆ ನಮ್ಮವರೇ! ಅಷ್ಟರಲ್ಲಿ ಒಳಗಿನಿಂದ ಅತ್ತೆಯ ಗದರಿಕೆ: ‘ಯಾರಮ್ಮಿ ಅದು ಬಾಗ್ಲಲ್ಲಿ ಅಳದು? ಕೂಸುಗಳು ಜ್ವರಕ್ಕೆ ಕೂತವೆ, ಸದ್ದು ಮಾಡ್‌ಬ್ಯಾಡಿ!’

ಅಳು ಅಲ್ಲೇ ನಿಂತಿತು. ಅತ್ತೆ ಸೊಪ್ಪು ಕತ್ತರಿಸುವ ಚೂರಿ ಹಿಡಿದುಕೊಂಡೇ ಹೊಸಿಲಿಗೆ ಬಂದರು. ಮಗ ಕೂತಲ್ಲೇ ಹಿಂದಕ್ಕೆ ಸರಿದು, ಗೋಡೆಗೆ ಬೆನ್ನು ಹಚ್ಚಿ, ಬಾಯಿ ತೆರೆದುಕೊಂಡು ನೋಡುತ್ತಿದ್ದಾರೆ. ಅತ್ತೆ ಮಗನ ಬೋಳುತಲೆ ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಮಗನ ತಲೆ ನೋಡಿದರು.

‘ಯಾರ್ಲಾ ಸತ್ತೋರು?’

‘ನೀ... ನೀನು ಕಣವ್ವಾ!’

ಸುತ್ತ ಜನ ಸೇರಿತು. ಒಂದು ಲೋಟ ನೀರು ಕುಡಿದ ಮೇಲೆ ಅವರು ಹೇಳಿದರು. ತೋಟದಲ್ಲಿ ಜೊತೆಯ ಆಳೊಬ್ಬನಿಗೆ ಹಿಂದೊಮ್ಮೆ ಅವನೇ ಕಳಿಸಿದ ಮನಿಯಾರ್ಡರು ವಾಪಸ್ಸು ಬಂದಿತ್ತಂತೆ. ಊರಿನಲ್ಲಿ ಅವನ ಅಪ್ಪ ತೀರಿಕೊಂಡು, ತೆಗೆದುಕೊಳ್ಳುವವರಿಲ್ಲದೆ ಬಂದದ್ದು. ಈಗ ಇವರಿಗೆ ಅದೇ ಇಪ್ಪತ್ತೈದು ರೂಪಾಯಿ, ಊರಿನ ಕಡೆಯಿಂದ, ಒಂದು ಮಾತೂ ಇಲ್ಲದೆ! ಯಾರು ಕಳಿಸಿದ್ದು ಅಂತ ಓದಿಸಿ ಕೇಳಲೂ ಇಲ್ಲ. ‘ಕಾಸ್ ನೋಡ್ತಿದ್ದಂಗೇ ಗೊತ್ತಾಗೋಯ್ತು, ಅವ್ವ ಇಲ್ಲ ಅಂತ’ ಅಂದರು. ಹಿಂದಿನ ದಿನ ಬೆಳಿಗ್ಗೆಯೇ ತಲೆ ಬೋಳಿಸಿಕೊಂಡು, ಮುಳುಗಿ ಎದ್ದು, ತೋಟದ ಲೆಕ್ಕ ನೋಡುವ ರೈಟರಿಗೆ ಹೇಳಿ ಬಸ್ಸು ಹತ್ತಿದ್ದಾರೆ. ಮಡಿಕೇರಿಯಿಂದ ಮೈಸೂರಿನವರೆಗೆ ಅತ್ತಿದ್ದಾರೆ, ಮೈಸೂರಿನಿಂದ ಕೊಳ್ಳೇಗಾಲದವರೆಗೆ ಅತ್ತಿದ್ದಾರೆ.

ಮೊದಲು ನಕ್ಕದ್ದು ಯಾರೋ ತಿಳಿಯದು. ನಕ್ಕಮೇಲೆ ಬೀದಿಗೆ ಬೀದಿಯೇ ನಕ್ಕಿತು. ಪಕ್ಕದ ಮನೆಯ ಮುದುಕಿ, ‘ಅವ್ವ ಬದುಕಿದ್ದಂಗೇ ತಲೆ ಕೊಟ್ಟದ್ದು ಒಳ್ಳೇದಲ್ಲ ಕಣ್ಲಾ. ಮಾದಪ್ಪಂಗೆ ಮುಡಿ ಕೊಟ್ಟೆ ಅಂತ ಅಂದ್‌ಬುಡು, ಕಳೀತದೆ’ ಅಂತ ದಾರಿ ತೋರಿಸಿದಳು. ಅತ್ತೆ ಮಾತ್ರ ನಗಲಿಲ್ಲ. ಮಗನ ಪಕ್ಕದಲ್ಲಿ ಕೂತು ಆ ಬೋಳುತಲೆಯನ್ನು ಸವರುತ್ತಲೇ ಇದ್ದರು.

ನಾನು ಎಲೆ ಹಾಕಿ ಬಿಸಿ ಮುದ್ದೆ ಬಡಿಸಿದೆ. ಹುಳು ಗೆದ್ದದ್ದು, ಮಾರಿದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ತಟ್ಟೆಗಳನ್ನು ನೋಡಿದರು, ನನ್ನನ್ನು ನೋಡಿದರು, ಖುಷಿಪಟ್ಟರು. ಆಮೇಲೆ ಮುದ್ದೆ ಮುರಿಯುತ್ತ ತಣ್ಣಗೆ, ‘ತಿಥಿಗಂಟ ರಜ ಕೊಟ್ಟವ್ರೆ. ಆಮೇಕೆ ಓಗ್ಬೇಕು’ ಅಂದರು. ‘ಇದು ಉಳದ್ ಸವಾಸ, ಒಂದ್ ದಪ ಗೆದ್ರೆ ಒಂದ್ ದಪ ಸೋಲ್ತದೆ. ಅದು ತಿಂಗ್ಳಾ ತಿಂಗ್ಳಾ ಬರೋ ಕಾಸು. ಬುಡಕ್ಕಾದದಾ?’

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಕೇಳಿದರು:

‘ಆ ಕಾಸ್ನ ಯಾರ್ಗ್ಲಾ ಕಳುಸ್ತೀಯೆ?’

‘ನಿಂಗೇ ಕಣವ್ವಾ. ಇನ್ಯಾರ್ಗೆ?’

‘ನಾನು ಸತ್ತೋದೆ ಅಂತ ತಲೆ ಬೋಳುಸ್ಕಂಡು, ಊರೂರ್ ಮ್ಯಾಲೆ ಅತ್ಕಂಡ್ ಬಂದಿದ್ದೀಯಲ್ಲ. ಸತ್ತೋಳ್ಗೆ ಕಾಸ್ ಯಾಕ್ಲಾ?’

ಅವರು ಅವ್ವನ ಮುಖ ನೋಡಿದರು. ಅತ್ತೆಯ ಕಣ್ಣಿನಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಧ್ವನಿ ಮಾತ್ರ ಗದರಿಸುವ ಧ್ವನಿಯೇ.

‘ದಿಟವಾಗ್ಲೂ ಸಾಯ ದಿನಾನೂ ನೀ ಇಂಗೇ ಬಸ್ಸಲ್ಲಿ ಅತ್ಕಂಡೇ ಬತ್ತೀಯ. ಮುಖ ನೋಡಕ್ಕೆ ಸಿಕ್ಕಕ್ಕಿಲ್ಲ. ಬ್ಯಾಡ. ಉಂಡು ಏಳು, ಉಳ ಜ್ವರದಿಂದ ಏಳೋ ಒತ್ತಾಯ್ತು. ಓಗಿ ಸೊಪ್ ಕುಯ್ಕಂಡ್ ಬಾ.’

ಅವರು ಉಂಡರು. ಕೈ ತೊಳೆದರು. ಗೋಡೆಯಲ್ಲಿ ಸಿಕ್ಕಿಸಿದ್ದ ಕುಡುಗೋಲು ತೆಗೆದುಕೊಂಡು ಹೊಲದ ಕಡೆ ನಡೆದರು. ಬೋಳುತಲೆಗೆ ಬಿಸಿಲು ಬಡಿಯುತ್ತದೆ ಅಂತ ನಾನು ಟವಲು ಹಿಡಿದುಕೊಂಡು ಹಿಂದೆಯೇ ಓಡಿದೆ.